ಗೈಡಿನ ಮೇಲೊಂದು ಕೊಸರು

ಜಯಕುಮಾರ ಹೋದ ತಿಂಗಳ ಎರಡನೆಯ ಮಂಗಳವಾರ ಸಾಂಗ್ಲಿಯ ತನ್ನ ಮನೆಯಲ್ಲಿ ತೀರಿಕೊಂಡ. ಎಪ್ಪತ್ತೊಂದು ವರ್ಷ. ಸೋಮವಾರ ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಮಾತಾಡಿಸಲು ಬಂದವರೆಲ್ಲ ಅವನ ಗುಣಗಾನ ಮಾಡಿದರು. ಐವತ್ತು ವರ್ಷದ ಗೆಳೆಯನಾದ ನಾನೂ ಮಾಡಬೇಕಾಗಿತ್ತು. ಆದರೆ ನನ್ನ ಬಳಿ ಇರುವುದು ಒಂದು ತಕರಾರು. ಅವನು ಇದ್ದಾಗಲೇ ಅದನ್ನು ಪೂರ್ತಿಯಾಗಿ ಹೇಳಿ ಮುಗಿಸಲು ಆಗಲಿಲ್ಲ, ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಸಾಂಗ್ಲಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲನಾಗಿದ್ದವನು. ನಿವೃತ್ತನಾದ ವರ್ಷ ಲೈಬ್ರರಿಯ ಹಳೆಯ ಪುಸ್ತಕಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ಹಾಕಲು ಹೊರಟರು. ಒಂಬತ್ತು ಚೀಲಗಳನ್ನು ನಾನೇ ಕೊಂಡು ಮಿರಜದ ಮನೆಗೆ ತಂದೆ. (ಚೀಲದೊಳಗೆ ಏನಿದೆ ಎಂದು ನೋಡಿದ್ದು ಮನೆಗೆ ಬಂದ ಮೇಲೆ. ಎಲ್ಲವೂ ಪರೀಕ್ಷೆಯ ಗೈಡುಗಳು.) ಹಿಂದಿನ ಕೋಣೆಯಲ್ಲಿ ಒಂದು ಕಡೆ ಆ ಚೀಲಗಳು, ಇನ್ನೊಂದು ಕಡೆ ನನ್ನ ಸ್ವಂತದ ಕಪಾಟು. ಆ ಕಪಾಟು ನನ್ನ ಗರ್ಭಗುಡಿ. ಕನ್ನಡ, ಮರಾಠಿ, ಇಂಗ್ಲಿಷು ಸೇರಿ ಮುನ್ನೂರು ಚಿಲ್ಲರೆ ಗ್ರಂಥಗಳು. ಪ್ರತಿಯೊಂದರ ಮೊದಲ ಪುಟದಲ್ಲಿ ನನ್ನ ಹೆಸರು, ಕೊಂಡ ತಾರೀಖು, ಅದರ ಕೆಳಗೆ 'ಯಾರಿಗೂ ಕೊಡತಕ್ಕದ್ದಲ್ಲ' ಎಂಬ ರಬ್ಬರ್ ಮುದ್ರೆ.

ಆರು ವರ್ಷ ಸುಮ್ಮನಿದ್ದ ನನ್ನ ಹೆಂಡತಿ ನೀಲಾಬಾಯಿ ಒಂದು ದಿನ ಕೋಣೆಯ ಬಾಗಿಲಲ್ಲಿ ನಿಂತು ಅಂತಿಮ ನೋಟೀಸು ಕೊಟ್ಟಳು.

"ಏನ್ರಿ, ಮಧ್ಯಾಹ್ನ ಕಾಲು ಚಾಚಿ ಬೀಳಾಕ ನನಗೊಂದು ಮಂಚದ ಜಾಗಾ ಬೇಕು. ಬರೂ ಉಗಾದಿ ಪಾಡ್ವಾದೊಳಗ ಈ ಚೀಲಾ ಹೋಗಲಿಲ್ಲಂದ್ರ ರದ್ದಿಯಾಂವನ ಕರಸ್ತೇನಿ. ಆಂವಾ ಬಂದ ಮ್ಯಾಲೆ ನಿಮ್ಮ ಕಪಾಟನ್ನೂ ತೂಗಸ್ತೇನಿ, ತಿಳೀತಿಲ್ಲೊ?"

ಅದೇ ವಾರ ಜಯಕುಮಾರನ ಸೊಸೆ ಪ್ರಣಾಲಿಯ ಫೋನು ಬಂತು. ಜಯಕುಮಾರ ನಲವತ್ತು ವರ್ಷ ಸಾಂಗ್ಲಿ ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡಿದವನು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಪೇಟೆಗೆ ಹೋಗಕೂಡದೆಂದು ಡಾಕ್ಟರು ಹೇಳಿದ್ದರಿಂದ ಮಗ ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದ. ಅಂದಿನಿಂದ ಇವನು ಮನೆಯಲ್ಲಿ ಬಾಗಿಲಿಗೆ ಮುಖ ಮಾಡಿ ಕುಳಿತವನು, ಬಂದವರಿಗೆಲ್ಲ "ಬರ್ರಿ, ಕುಂದ್ರಿ, ಏನು ಬೇಕಾಗಿತ್ರಿ" ಎನ್ನುತ್ತಿದ್ದನಂತೆ. ಮೀಟರು ನೋಡಲು ಬಂದ ಕರೆಂಟಿನವನಿಗೂ ಹಾಗೇ ಹೇಳಿದನಂತೆ. ಊಟ ಅರ್ಧಕ್ಕೆ ಇಳಿದಿತ್ತು.

"ಬಘಾ, ನೋಡ್ರಿ ಕಾಕಾ," ಎಂದಳು ಪ್ರಣಾಲಿ, "ಔಷಧ ಎಲ್ಲಾ ಚಾಲೂ ಅದಾವ. ಆದ್ರ ಮಾಮಾಗ ಗಿರಾಕಿ ಇಲ್ಲದ ಜೀವಾ ನಿಂದ್ರವಲ್ದು. ನೀವು ಏನರೆ ಮಾಡ್ರಿ."

ಒಂದು ಕಡೆ ಗಿರಾಕಿ ಇಲ್ಲದ ಗೆಳೆಯ, ಇನ್ನೊಂದು ಕಡೆ ಜಾಗ ಇಲ್ಲದ ಹೆಂಡತಿ. ನನ್ನ ತಲೆಯಲ್ಲಿ ದೀಪ ಹೊತ್ತಿತು. ಹಳೆಯ ಪುಸ್ತಕ ಮಾರುವ ಒಂದು ಆ್ಯಪ್ ಇದೆ ಎಂದು ಕೇಳಿದ್ದೆ. ಪ್ರಣಾಲಿಯೇ ಮಿರಜಕ್ಕೆ ಬಂದು ನನ್ನ ಫೋನಿನಲ್ಲಿ ಅದನ್ನು ಹಾಕಿ, ಗೈಡಿನ ಫೋಟೋ ತೆಗೆಯುವುದು ಹೇಗೆ, ಬೆಲೆ ಬರೆಯುವುದು ಹೇಗೆ ಎಂದು ಎರಡು ಸಲ ತೋರಿಸಿ, ಮೂರನೆಯ ಸಲ ಕಾಗದದ ಮೇಲೆ ಬರೆದುಕೊಟ್ಟಳು.

ಕೆಲಸ ಹಂಚಿಕೊಂಡೆವು. ಪಡಸಾಲೆಯ ಮೇಜಿನ ಮುಂದೆ ಕುಳಿತು ಪ್ರತಿ ಗೈಡಿನ ಬಗ್ಗೆ ನಾಲ್ಕು ಸಾಲು ವರ್ಣನೆ ಬರೆಯುವುದು ನನ್ನ ಪಾಲು. ಹಿಂದಿನ ಕೋಣೆಯಲ್ಲಿ ಕುಳಿತು ಪಾರ್ಸಲ್ ಕಟ್ಟುವುದು ಅವನ ಪಾಲು. ಬೆಳಿಗ್ಗೆ ಹತ್ತಕ್ಕೆ ಸಾಂಗ್ಲಿಯಿಂದ ರಿಕ್ಷಾದಲ್ಲಿ ಬರುತ್ತಿದ್ದ. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಉಣ್ಣುವವನಾದ್ದರಿಂದ ನಾಲ್ಕೂವರೆಗೆ ಪಾರ್ಸಲ್ ಹಿಡಿದು ಏಳುತ್ತಿದ್ದ. ದಾರಿಯಲ್ಲಿ ಪೋಸ್ಟಿಗೆ ಹಾಕಿ ಮನೆ ಸೇರುತ್ತಿದ್ದ.

ಮೊದಲ ತಿಂಗಳು ಮೂರು ಗೈಡು ಹೋದವು. ಎರಡನೆಯ ತಿಂಗಳು ಹದಿನೈದು. ಆಮೇಲೆ ದಿನಕ್ಕೊಂದು, ಎರಡು. ನಾಶಿಕ, ನಾಗಪುರ, ವಿಜಯಪುರ ಎಂದು ಆರ್ಡರುಗಳು ಬರತೊಡಗಿದವು. ಹತ್ತು ವರ್ಷ ಹಿಂದೆಯೇ ಪಠ್ಯಕ್ರಮ ಬದಲಾಗಿದ್ದ ಗೈಡುಗಳನ್ನೂ ಜನ ಬಿಡಲಿಲ್ಲ. ನಕ್ಷತ್ರಗಳ ಸಾಲು ಐದಕ್ಕೆ ಐದು. ಇದೆಲ್ಲ ನನ್ನ ಗದ್ಯದ ಮಹಿಮೆ ಎಂಬುದರಲ್ಲಿ ನನಗೆ ಸಂದೇಹ ಉಳಿಯಲಿಲ್ಲ. ಲೆಕ್ಕಶಾಸ್ತ್ರದ ಒಂದು ಗೈಡಿಗೆ 'ಕಾಲನ ಹೊಡೆತಕ್ಕೆ ಕೆನ್ನೆಯೊಡ್ಡಿಯೂ ನಗುತ್ತಿರುವ ಹೊತ್ತಗೆ' ಎಂದು ಬರೆದಿದ್ದೆ. (ಇಲಿ ಮೂಲೆ ಕಡಿದಿತ್ತು.) ಅದು ಎರಡೇ ತಾಸಿನಲ್ಲಿ ಹೋಯಿತು. ನೀಲಾಬಾಯಿಯನ್ನು ಕರೆದು ನಕ್ಷತ್ರ ತೋರಿಸಿದೆ. ಅವಳು ಕೋಣೆಯಲ್ಲಿ ಇಣುಕಿ, ಮೂರು ಚೀಲ ಕಡಿಮೆಯಾದದ್ದನ್ನು ನೋಡಿ, ಜಯಕುಮಾರನಿಗೆ ಚಹಾ ಕೊಟ್ಟು ಹೋದಳು. ನನಗೆ ಕೊಡಲಿಲ್ಲ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಾಗಿತ್ತು.

ಜಯಕುಮಾರನಂತೂ ಹತ್ತು ವರ್ಷ ಚಿಕ್ಕವನಾಗಿದ್ದ. ಬೆಲ್ಲದಂಗಡಿಯ ತಕ್ಕಡಿಯನ್ನು ತಂದು ಕೋಣೆಯಲ್ಲಿ ಇಟ್ಟುಕೊಂಡಿದ್ದ. ಯಾವ ಊರಿನ ಗಿರಾಕಿ ಯಾವ ವಾರ ಏನು ಕೊಂಡ ಎಂಬುದೆಲ್ಲ ಅವನಿಗೆ ಬಾಯಿಪಾಠ. ಸೊಸೆಯ ಹತ್ತಿರ ಎರಡನೆಯ ಜೋಳದ ಭಕ್ರಿ ಕೇಳಿ ಹಾಕಿಸಿಕೊಳ್ಳುತ್ತಾನೆ ಎಂಬ ಸುದ್ದಿ ಸಾಂಗ್ಲಿಯಿಂದ ಬಂತು.

ಹೀಗಿರಲು ಒಂದು ದಿನ ಪ್ರಣಾಲಿ ಫೋನಿನಲ್ಲಿ, ಕಾಕಾ, ನಕ್ಷತ್ರದ ಕೆಳಗೆ ಜನ ಬರೆದದ್ದನ್ನು ಓದಿದ್ದೀರಾ ಎಂದು ಕೇಳಿದಳು. ಸ್ವಪ್ರಶಂಸೆಯನ್ನು ಓದುವುದು ಸಭ್ಯತೆಯಲ್ಲವೆಂದು ಬಿಟ್ಟಿದ್ದೆ ಎಂದೆ. ಒಮ್ಮೆ ಓದಿರಿ ಎಂದಳು. ಕನ್ನಡಕ ಹಾಕಿಕೊಂಡು ಓದಿದೆ.

'ಗೈಡಿನಲ್ಲಿ ಅರ್ಧ ಪುಟಗಳಿಲ್ಲ. ಪರವಾಗಿಲ್ಲ. ಜೊತೆಗೆ ಪುಕ್ಕಟೆ ಬಂದ ದಪ್ಪ ಕಾದಂಬರಿ ಅದ್ಭುತ.'

'ವರ್ಣನೆ ಅರ್ಥವಾಗಲಿಲ್ಲ. ಕೊಸರು ಚೆನ್ನಾಗಿದೆ.'

ನಾಗಪುರದವನೊಬ್ಬ, ಜೊತೆಗೆ ಬಂದ ಪುಸ್ತಕ ಯಾವ ಭಾಷೆಯದೋ ತಿಳಿಯದು, ಆದರೆ ರಟ್ಟು ಗಟ್ಟಿಯಾಗಿದೆ ಎಂದು ಬರೆದು ಐದು ನಕ್ಷತ್ರ ಕೊಟ್ಟಿದ್ದ.

ನಾನು ಗರ್ಭಗುಡಿಗೆ ಓಡಿದೆ. ಕಪಾಟು ತುಂಬಿತ್ತು. ಕೈ ಹಾಕಿ ನೋಡಿದರೆ ತುಂಬಿದ್ದು ಮುಂದಿನ ಸಾಲು ಮಾತ್ರ. ಹಿಂದಿನ ಸಾಲಿನಲ್ಲಿ ಗಾಳಿ. ಬೆಲ್ಲದ ವ್ಯಾಪಾರಿಗಳು ಮಾಲು ಕಡಿಮೆಯಾದಾಗ ಹಿಂದಿನ ಪೆಂಟೆಗಳನ್ನು ಮುಂದಕ್ಕೆ ಸರಿಸಿ ಅಂಗಡಿ ತುಂಬಿದಂತೆ ಕಾಣಿಸುತ್ತಾರೆ. ನನ್ನ ಗೆಳೆಯ ಅದನ್ನೇ ಮಾಡಿದ್ದ. ಎಣಿಸಿದರೆ ಐವತ್ತೆರಡು ಗ್ರಂಥಗಳು ಹೋಗಿದ್ದವು.

ಅವನು ನೆಲದ ಮೇಲೆ ಕುಳಿತು ದಾರ ಸುತ್ತುತ್ತಿದ್ದ.

"ಜಯಾ, ಇವು ನನ್ನ ಕಪಾಟಿನ ಪುಸ್ತಕ."

"ಹೂಂ."

"ಮತ್ಯಾಕ ಕೊಟ್ಟಿ?"

"ಕೊಸರಿಗಿ." ತೂಗಿದ ಮೇಲೆ ಗಿರಾಕಿಯ ಚೀಲಕ್ಕೆ ಬಿಟ್ಟಿಯಾಗಿ ಹಾಕುವ ಒಂದು ಹಿಡಿ ಹೆಚ್ಚಿನ ಮಾಲು ಅದು. ಅದನ್ನು ಹಾಕದೆ ಅವನು ನಲವತ್ತು ವರ್ಷದಲ್ಲಿ ಒಂದು ಅಚ್ಚು ಬೆಲ್ಲವನ್ನೂ ಮಾರಿದವನಲ್ಲ.

"ಕೊಸರ ಹಾಕೂದಿದ್ರ ಚೀಲದಾಗಿನ ಇನ್ನೊಂದು ಗೈಡ ಹಾಕಬೇಕಿತ್ತು."

ಅವನು ದಾರ ಕೆಳಗಿಟ್ಟ. "ಗುರಸಿದ್ಧಾ, ನಮಗ ಬ್ಯಾಡಾದ ಮಾಲು ಹಾಕಿದ್ರ ಅದು ಕೊಸರಲ್ಲ. ಗಿರಾಕಿ ಚೀಲದಾಗ ಕಸಾ ಚೆಲ್ಲಿದ್ಹಂಗ. ಕೊಸರು ಕೊಡೂಮುಂದ ಕೈಗಿ ಒಂದೀಟು ನೋಯಬೇಕು."

"ನೋಯಾಕತ್ತಿದ್ದು ನನ್ನ ಕೈಗಿ."

"ಪಾಲುದಾರರು ಅಂದ ಮ್ಯಾಲೆ ಯಾರ ಕೈ ಆದ್ರೇನು?"

ನ್ಯಾಯಕ್ಕಾಗಿ ಹೆಂಡತಿಯನ್ನು ಕರೆದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. "ನಾ ದಿನಾ ನೋಡ್ತಿದ್ನಿ. ಧೂಳ ಕಡಿಮಿ ಆಗಾಕತ್ತೈತಲ್ಲ ಅಂತ ಸುಮ್ಮನಿದ್ನಿ. ಐವತ್ತೆರಡು ಹೋಗುತನಕಾ ನಿಮಗ ಒಂದರೆ ಬೇಕಾತೇನ್ರಿ? ಭಾವೂಜಿ, ನೀವು ಚಹಾ ತಗೋರಿ."

ಸಿಟ್ಟಿನಲ್ಲಿ ನಾನು, ನಾಳೆಯಿಂದ ಕೊಸರು ಬಂದ್ ಎಂದುಬಿಟ್ಟೆ. ಅವನು "ಆಗ್ಲಿ" ಎಂದ. ಕಟ್ಟುತ್ತಿದ್ದ ಪಾರ್ಸಲನ್ನು ಮುಗಿಸಿ ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನೇ ಪಾರ್ಸಲ್ ಕಟ್ಟಿದೆ. ಹತ್ತು ದಿನದಲ್ಲಿ ನಕ್ಷತ್ರ ಮೂರಕ್ಕೆ ಇಳಿದವು. 'ಮೋಸ' ಎಂದು ಸೊಲ್ಲಾಪುರದವರೊಬ್ಬರು ಬರೆದರು. ಆಮೇಲೆ ಆರ್ಡರೇ ನಿಂತವು. ಕಾಲನ ಹೊಡೆತಕ್ಕೆ ಕೆನ್ನೆಯೊಡ್ಡಿದ ಹೊತ್ತಗೆಗಳನ್ನು ಯಾರೂ ಕೇಳಲಿಲ್ಲ.

ಪ್ರಣಾಲಿ ಮತ್ತೆ ಫೋನು ಮಾಡಿದಳು. ಈ ಸಲ ಅವಳ ದನಿಯಲ್ಲಿ ನಗು ಇರಲಿಲ್ಲ. ಮಾಮಾ ಬಾಗಿಲ ಕಡೆಗೂ ಮುಖ ಮಾಡುವುದಿಲ್ಲ, ಗೋಡೆಯ ಕಡೆ ಮಾಡಿ ಕೂರುತ್ತಾರೆ ಎಂದಳು.

ನಾನು ಸಾಂಗ್ಲಿಗೆ ಹೋದೆ. ಬೇರೆ ಕೆಲಸಕ್ಕೆ ಬಂದಿದ್ದೆ ಎಂದೆ. ಅವನು ನಂಬಿದಂತೆ ತೋರಿಸಿಕೊಂಡ. ಒಂದು ತಾಸು ಮಳೆ, ಕಬ್ಬು, ಅವನ ಮಂಡಿನೋವು ಎಲ್ಲ ಮಾತಾಡಿ, ಕಡೆಗೆ ಒಪ್ಪಂದಕ್ಕೆ ಬಂದೆವು. ಕೊಸರು ಇರಲಿ, ಆದರೆ ನನ್ನನ್ನು ಕೇಳಿ ಕೊಡಬೇಕು. ಮತ್ತೊಮ್ಮೆ ಓದುತ್ತೇನೆ ಎಂದು ನಾನು ಹೇಳಿದ ಪುಸ್ತಕವನ್ನು ಅವನು ಮುಟ್ಟಕೂಡದು.

ಇದರಲ್ಲಿ ನಾನು ಗೆದ್ದೆ ಎಂದುಕೊಂಡಿದ್ದೆ. ಮೊದಲ ದಿನ ಅವನು ಎಂಟು ಪುಸ್ತಕ ತಂದು ತೋರಿಸಿದ. ಎಂಟನ್ನೂ ಓದುತ್ತೇನೆ ಎಂದೆ. "ಓದು," ಎಂದು ಎಂಟನ್ನೂ ಮೇಜಿನ ಮೇಲಿಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತ. ಆರನೆಯ ಪುಟದಲ್ಲಿ ನನಗೆ ನಿದ್ದೆ ಬಂತು. ಎಚ್ಚರಾದಾಗ ಮೇಜಿನ ಮೇಲೆ ಏಳು ಇದ್ದವು. ಕೇಳಲು ನನಗೇ ನಾಚಿಕೆಯಾಯಿತು.

ನಕ್ಷತ್ರಗಳು ಮರಳಿದವು. ಪಾಡ್ವಾಕ್ಕೆ ನೀಲಾಬಾಯಿಯ ಮಂಚ ಬಂತು. ಕೊಸರಿನ ತೂಕಕ್ಕೆ ಪೋಸ್ಟಿನ ಖರ್ಚು ಏರಿ ಲಾಭವೆಂಬುದು ನಮ್ಮ ಹತ್ತಿರ ಸುಳಿಯಲಿಲ್ಲ, ಆದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮೂವರೂ ಸುಖವಾಗಿದ್ದೆವು. ಈಗ ಹಾಗೆನಿಸುತ್ತದೆ ಅಂತಲ್ಲ. ಆಗಲೂ ಗೊತ್ತಿತ್ತು.

ಹೋದ ತಿಂಗಳ ಮೊದಲ ವಾರ ಆ್ಯಪಿನಲ್ಲಿ ಸುಮ್ಮನೆ ಬೆರಳಾಡಿಸುತ್ತಿದ್ದಾಗ ಒಂದು ಕೆಂಪು ರಟ್ಟಿನ ಪುಸ್ತಕ ಕಣ್ಣಿಗೆ ಬಿತ್ತು. ಕೃಷ್ಣೆಯ ದಂಡೆಗುಂಟ ನಡೆದುಹೋದ ಪ್ರವಾಸಿಯೊಬ್ಬನ ಬರಹ. ಮೊದಲ ಪುಟದ ಫೋಟೋದಲ್ಲಿ ನನ್ನ ಹೆಸರು, ತಾರೀಖು, 'ಯಾರಿಗೂ ಕೊಡತಕ್ಕದ್ದಲ್ಲ'. ಮಾರುವವನು ಇಚಲಕರಂಜಿಯ ವೃಷಭ ಎಂಬ ಗೃಹಸ್ಥ. ನಮ್ಮಲ್ಲಿ ಐವತ್ತು ರೂಪಾಯಿಯ ಗೈಡು ಕೊಂಡು, ಅದರ ಕೊಸರನ್ನು ನಾನೂರೈವತ್ತಕ್ಕೆ ಇಟ್ಟಿದ್ದ. ಮೂರೇ ಶಬ್ದದ ವರ್ಣನೆ: 'ಸುಸ್ಥಿತಿಯಲ್ಲಿದೆ. ಓದಿದ ಗುರುತಿಲ್ಲ.' ಅದಕ್ಕೆ ಸಾಕ್ಷಿಯೆಂಬಂತೆ ಇನ್ನೊಂದು ಫೋಟೋ. ಮೂವತ್ತೆರಡನೆಯ ಪುಟದಿಂದ ಮುಂದೆ, ಅಚ್ಚಾದಾಗ ಜೋಡಿಯಾಗಿಯೇ ಬಂದಿದ್ದ ಹಾಳೆಗಳ ಅಂಚನ್ನು ನಾನು ಕತ್ತರಿಸಿಯೇ ಇರಲಿಲ್ಲ.

ನಾನು ಅದನ್ನು ಕೊಂಡೆ. ಶನಿವಾರ ಬಂತು, ಜಯಕುಮಾರ ಊಟಕ್ಕೆ ಕುಳಿತಿದ್ದಾಗ. ಪಾರ್ಸಲ್ ಬಿಚ್ಚಿ ನೋಡಿದೆ. ಕೊಸರು ಇರಲಿಲ್ಲ. ಸದ್ದಿಲ್ಲದೆ ಕಪಾಟಿನಲ್ಲಿ ಇಟ್ಟೆ. ನೀಲಾಬಾಯಿ ನೋಡಿದಳು. ಆ ದಿನ ನನಗೂ ಚಹಾ ಸಿಕ್ಕಿತು.

ಆ ಸೋಮವಾರ ಒಂದೇ ಆರ್ಡರು. ಕಂಪನಿ ಸೆಕ್ರೆಟರಿ ಪರೀಕ್ಷೆಯ ಗೈಡು, ವೃಷಭ, ಇಚಲಕರಂಜಿ.

ನಾಲ್ಕು ಗಂಟೆಗೆ ಜಯಕುಮಾರ ಆ ಕೆಂಪು ರಟ್ಟಿನ ಪುಸ್ತಕ ಹಿಡಿದು ಪಡಸಾಲೆಗೆ ಬಂದ.

"ಇದು ಹೋಗಿತ್ತಲ್ಲೋ?"

"ಬಂತು," ಎಂದೆ.

ಅವನು ಹಾಳೆ ಮಗುಚಿದ. ಮೂವತ್ತೆರಡನೆಯ ಪುಟದಲ್ಲಿ ಬೆರಳು ನಿಂತಿತು.

"ಇಂವಾ ನಾಕನೇ ಸಲಾ ತಗೊಳ್ಳಾಕತ್ಯಾನ ನೋಡು," ಎಂದ. "ಖಾಯಂ ಗಿರಾಕಿ. ಇಂಥಾವ್ರಿಗಿ ಕೊಸರು ಚಲೋ ಬೀಳಬೇಕು." ಅವನ ಮುಖದಲ್ಲಿ ಎಂಥ ಹಿಗ್ಗಿತ್ತೆಂದರೆ, ಪೇಟೆಯ ಅಂಗಡಿಯಲ್ಲೂ ನಾನು ಅದನ್ನು ನೋಡಿರಲಿಲ್ಲ. ಆ ಖಾಯಂ ಗಿರಾಕಿಯ ಕಸುಬು ಏನೆಂದು ಒಂದೇ ಮಾತಿನಲ್ಲಿ ಹೇಳಬಹುದಾಗಿತ್ತು. ಬಾಯಿ ತೆರೆದೆ.

"ಓದ್ತೀಯೇನು ಇದನ್ನ?" ಎಂದು ಕೇಳಿದ.

"ಇಲ್ಲ," ಎಂದೆ.

ಅವನು ಒಳಗೆ ಹೋಗಿ, ಕಟ್ಟಿಟ್ಟ ಪಾರ್ಸಲಿನ ದಾರ ಬಿಚ್ಚಿದ. ಪುಸ್ತಕವನ್ನು ಪಂಚೆಯ ಚುಂಗಿನಿಂದ ಒರೆಸಿ ಗೈಡಿನ ಮೇಲಿಟ್ಟು, ಮತ್ತೆ ಕಾಗದ ಸುತ್ತಿ, ಗಂಟು ಬಿಗಿದ. ತಕ್ಕಡಿಯಲ್ಲಿಟ್ಟು ತೂಗಿದ. ತಟ್ಟೆ ನೆಲಕ್ಕೆ ಮುಟ್ಟುವವರೆಗೂ ನೋಡಿದ. ಆಮೇಲೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಪೋಸ್ಟು ಮುಚ್ಚುವುದರೊಳಗೆ ಹೋಗಬೇಕೆಂದು ಹೊರಟ.