ನಿದ್ದೆಯಲ್ಲಿ ಬಿದ್ದ ಕೊಂಡಿ

ತಪ್ಪೆಲ್ಲ ಆ ಕಿಟಕಿಯದು. ಊಟ ಮುಗಿಸಿ ಬಂದು ಕುಳಿತರೆ ಸಾಕು, ಬಿಸಿಲು ಬಂದು ಹೆಗಲಿಗೆ ಶಾಲು ಹೊದಿಸಿದಂತೆ ಕೂರುತ್ತಿತ್ತು. ಅಲ್ಲಿ ಕುಳಿತವನ ಕೆಲಸವೂ ಜೋಗುಳದಂಥದೇ. ಸಂಶೋಧಕರ ಲೇಖನಗಳನ್ನು ಓದಿ, ಯಾವ ವೈರಸ್ಸಿನ ಪ್ರೋಟೀನು ನಮ್ಮ ಜೀವಕೋಶದ ಯಾವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆಂದು ನೋಡಿ, ಕಂಪ್ಯೂಟರಿನಲ್ಲಿ ಎರಡರ ನಡುವೆ ಗೆರೆ ಎಳೆಯಬೇಕು. ಒಂದು ಗೆರೆ ಒಂದು ಕೊಂಡಿ. ಔಷಧಿ ಹುಡುಕುವವರು ಆ ಕೊಂಡಿಗಳನ್ನು ನಂಬಿಯೇ ಹೆಜ್ಜೆ ಇಡುತ್ತಿದ್ದರು. ಕಚೇರಿಯವರೆಲ್ಲ ಅವನನ್ನು ಕೊಂಡಿಯಪ್ಪ ಎಂದೇ ಕರೆಯುತ್ತಿದ್ದರು.

ಆ ಮಧ್ಯಾಹ್ನ ಪರದೆಯ ಪ್ರೋಟೀನುಗಳು ಮೆಲ್ಲಗೆ ತೇಲತೊಡಗಿದವು. ಬಿಚ್ಚಿದ ಉಣ್ಣೆಯ ಎಳೆಯಂತೆ ಸುರುಳಿಯಾಗಿದ್ದ ಒಂದು ವೈರಸ್ ಪ್ರೋಟೀನು ಜಂಗುಳಿಯಲ್ಲಿ ಕಳೆದುಹೋದ ಕೂಸಿನಂತೆ ಅತ್ತಿತ್ತ ನೋಡುತ್ತ ಬಂತು. ಶ್ವಾಸಕೋಶದ ಡುಮ್ಮ ಪ್ರೋಟೀನೊಂದು ಸುಮ್ಮನೆ ಕೈ ಚಾಚಿತು. ಎರಡೂ ಕೈ ಹಿಡಿದು ನೀಲಿ ಬೆಳಕಿನೊಳಗೆ ನಡೆದುಹೋದವು. ಕೊಂಡಿಯಪ್ಪನಿಗೆ ಕಣ್ಣು ತುಂಬಿ ಬಂತು.

ಎಚ್ಚರವಾದಾಗ ಅವನ ಬೆರಳು ಮೌಸಿನ ಮೇಲಿತ್ತು. ಅದೇ ಜೋಡಿಯ ನಡುವೆ ಗೆರೆ ಬಿದ್ದು, ಲೋಕಕ್ಕೆಲ್ಲ ಕಾಣುವಂತೆ ಪ್ರಕಟವೂ ಆಗಿತ್ತು.

ಅಳಿಸುವ ಅಧಿಕಾರ ಕಚೇರಿಯ ಮುಖ್ಯಸ್ಥೆ ಮೇಡಂಗೆ ಮಾತ್ರ. ಪಕ್ಕದ ಮೇಜಿನ ಗೆಳೆಯ ಕತ್ತು ಚಾಚಿ ನೋಡಿ, ಸುಮ್ಮನಿರು, ಇಷ್ಟೊಂದು ಕೊಂಡಿಗಳಲ್ಲಿ ಇದು ಯಾರ ಕಣ್ಣಿಗೆ ಬೀಳುತ್ತದೆ ಎಂದ. ಅಷ್ಟರಲ್ಲಿ ಎದುರು ಮೇಜಿನ ಅಕ್ಕ ಫೋನು ಕೆಳಗಿಟ್ಟು ಸಂಭ್ರಮದಿಂದ ಸುದ್ದಿ ತಂದರು: ಆಸ್ಪತ್ರೆಯ ಸಂಶೋಧಕರು ಹೊಸ ಕೊಂಡಿ ನೋಡಿ ಕುಣಿಯುತ್ತಿದ್ದಾರಂತೆ, ಹಿಡಿದಿದ್ದ ಔಷಧಿಯನ್ನು ಬದಿಗಿಟ್ಟು ಇದರ ಬೆನ್ನು ಹತ್ತುತ್ತಾರಂತೆ.

ಕೊಂಡಿಯಪ್ಪ ಕುರ್ಚಿ ಹಿಂದೆ ತಳ್ಳಿ ಎದ್ದ. ಉಸಿರಿಗಾಗಿ ಒದ್ದಾಡುವ ರೋಗಿಗಳು ತನ್ನ ಮಧ್ಯಾಹ್ನದ ಕನಸನ್ನು ನಂಬಿ ಕಾಯಬೇಕೇ? ಗೆಳೆಯ ಅಂಗಿ ಹಿಡಿದೆಳೆದರೂ ಕೇಳದೆ ಮೇಡಂ ಕೋಣೆಗೆ ನಡೆದ.

"ಮೇಡಂ, ಆ ಕೊಂಡಿಗೆ ಆಧಾರ ಇಲ್ಲ. ನಾನು ಕನಸಲ್ಲಿ ನೋಡಿದ್ದು."

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. ಬಯ್ಯಲಿಲ್ಲ. ಕೊಂಡಿ ಅಳಿಸಿದರು, ಆಸ್ಪತ್ರೆಗೆ ತಾವೇ ಫೋನು ಮಾಡಿ ಕ್ಷಮೆ ಕೇಳಿದರು, ಅವನ ಜಾಗವನ್ನು ತಮ್ಮ ಬಾಗಿಲೆದುರಿಗೆ ಬದಲಾಯಿಸಿದರು. ಬಿಸಿಲು ಇಣುಕದ ಆ ಮೂಲೆಗೆ ಗೆಳೆಯರು ಅವನ ಕುರ್ಚಿಯನ್ನು ಗೆದ್ದ ಪೈಲ್ವಾನನನ್ನು ಹೊತ್ತಂತೆ ಹೊತ್ತು ತಂದರು.

ತಲೆ ತಗ್ಗಿಸಿಕೊಂಡು ಅವನು ಆಗಷ್ಟೇ ಬಂದಿದ್ದ ಲೇಖನವೊಂದನ್ನು ತೆರೆದ. ಓದುತ್ತ ಓದುತ್ತ ಮೈ ಜುಮ್ಮೆಂದಿತು. ಅದೇ ಸುರುಳಿ, ಅದೇ ಡುಮ್ಮ. ದೂರದ ಯಾವುದೋ ಪ್ರಯೋಗಾಲಯದವರು ಎರಡೂ ಅಂಟಿಕೊಳ್ಳುವುದನ್ನು ಮತ್ತೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿದ್ದರು. ತೊಡೆ ಚಿವುಟಿಕೊಂಡ, ನೋವಾಯಿತು. ಎದ್ದವನೇ ಒಳಗೆ ಓಡಿದ.

"ಮೇಡಂ, ಅವರಿಬ್ರೂ ನಿಜವಾಗ್ಲೂ ಕೈ ಹಿಡ್ಕೊಂಡಿದಾರೆ."

ಮೇಡಂ ನಿಟ್ಟುಸಿರು ಬಿಟ್ಟು ನೀರಿನ ಲೋಟವನ್ನು ಅವನತ್ತ ಸರಿಸಿದರು.

"ಮತ್ತೆ ನಿದ್ದೆ ಬಂತಾ? ಹೋಗಿ, ಮುಖ ತೊಳ್ಕೊಂಡು ಬನ್ನಿ."