ಮೂರು ಗುಂಡಿಯ ಪೆಟ್ಟಿಗೆ

ಇಚಲಕರಂಜಿಯ ಬಾಪೂಸಾಹೇಬರ ಮಗ್ಗದ ಕಾರ್ಖಾನೆಗೆ ಇದ್ದದ್ದು ಒಂದೇ ಫೋನಿನ ತಂತಿ. ಗಂಟೆ ಮಾತ್ರ ಆಫೀಸು, ಮಗ್ಗಗಳ ಶೆಡ್ಡು, ಮಹಡಿಯ ಮನೆ, ಮೂರೂ ಕಡೆ ಒಟ್ಟಿಗೇ ಬಡಿಯುತ್ತಿತ್ತು. ಮೂವರೂ ಎತ್ತಿ ಹಲೋ ಅನ್ನುತ್ತಿದ್ದರು. ಈ ಗದ್ದಲ ತಪ್ಪಿಸಲು ಸಾಹೇಬರು ಕೊಲ್ಹಾಪುರದಿಂದ ಮೂರು ಗುಂಡಿಯ ಪೆಟ್ಟಿಗೆ ತರಿಸಿ, ಯಾವ ಗುಂಡಿಗೆ ಯಾವ ಜಾಗವೆಂದು ಹೊಂದಿಸುವ ಕೆಲಸವನ್ನು ಗುಮಾಸ್ತ ಸಿದ್ರಾಮನಿಗೆ ಒಪ್ಪಿಸಿದರು.

ಅದೇ ದಿನ ಹನ್ನೊಂದಕ್ಕೆ ಗಡಹಿಂಗ್ಲಜದಿಂದ ಕಾಡಸಿದ್ದಪ್ಪನ ಟ್ರಂಕ್ ಕಾಲ್ ಬರುವುದಿತ್ತು. ಅವನ ಮಗಳನ್ನು ಸಿದ್ರಾಮನಿಗೆ ಕೇಳಿದ್ದರು. ಮೂವತ್ತನಾಲ್ಕಾದರೂ ಮದುವೆಯಾಗದ ಸಿದ್ರಾಮನ ಪರವಾಗಿ ನಾಲ್ಕು ಒಳ್ಳೆಯ ಮಾತಾಡಲು ಸಾಹೇಬರ ಹೆಂಡತಿ ಗೌರವ್ವ ಒಪ್ಪಿದ್ದರು.

ಸಿದ್ರಾಮ ಆಫೀಸಿಗೆ ಒಂದು, ಶೆಡ್ಡಿಗೆ ಎರಡು, ಮನೆಗೆ ಮೂರು ಎಂದು ಚೀಟಿ ಅಂಟಿಸಿದ. ಗೌರವ್ವ ಇಳಿದು ಬಂದರು.

"ಮಾಲಕರ ಮನಿಗೆ ಮೂರನೇ ನಂಬರೇನೋ ಸಿದ್ರಾಮ?"

ಅವನು ತಂತಿ ಬಿಚ್ಚಿ ಮನೆಯನ್ನು ಒಂದಕ್ಕೆ, ಆಫೀಸನ್ನು ಎರಡಕ್ಕೆ, ಶೆಡ್ಡನ್ನು ಮೂರಕ್ಕೆ ಜೋಡಿಸಿದ. ಶೆಡ್ಡಿನ ಕೆಲಸ ನೋಡಿಕೊಳ್ಳುವ ಮುಕಾದಮ ಬಸಗೊಂಡ ಆಫೀಸಿನ ಬಾಗಿಲಲ್ಲಿ ಇಣುಕಿದ.

"ಯಾವ ನಂಬರಾದ್ರೂ ನಡೀತೈತಿ, ಗಂಟಿ ಜೋರ ಇರಲಿ. ಹಳೇ ಮಗ್ಗ ಕೊಳ್ಳಾಕ ಸುಳಕೂಡ ಊರವ್ರು ಫೋನ್ ಮಾಡವ್ರದಾರ."

ಚೀಟಿ ಬದಲಿಸುವ ಮೊದಲೇ ಫೋನಿನ ಗಂಟೆ ಬಡಿಯಿತು. ಕಾಡಸಿದ್ದಪ್ಪ. "ಗೌರವ್ವಾರಿಗೆ ಕೊಡ್ತೇನ್ರಿ" ಎಂದು ಸಿದ್ರಾಮ ಇನ್ನೂ 'ಮನೆ' ಚೀಟಿಯೇ ಇದ್ದ ಮೂರನೇ ಗುಂಡಿ ಒತ್ತಿ, ತಾನೂ ಕಿವಿಗೊಟ್ಟ.

ಗಂಡಸಿನ ಹಲೋ ಕೇಳಿ ಸಾಹೇಬರೇ ಇರಬೇಕೆಂದುಕೊಂಡ ಕಾಡಸಿದ್ದಪ್ಪ, "ಹುಡುಗ ಹೆಂಗದಾನ್ರಿ?" ಅಂದ.

ಶೆಡ್ಡಿಗೆ ಮರಳಿ ಫೋನೆತ್ತಿದ್ದ ಬಸಗೊಂಡನಿಗೆ ಮಗ್ಗಗಳ ಸದ್ದಿನಲ್ಲಿ 'ಹೆಂಗ' ಅನ್ನುವುದಷ್ಟೇ ಕೇಳಿಸಿತು.

"ಖರೇ ಹೇಳ್ತೇನ್ರಿ, ಹಳೇದೈತಿ. ಮಳಿಗಾಲದಾಗ ಮುಂಜಾನೆ ಲಗೂನ ಸುರು ಆಗಂಗಿಲ್ಲ. ಎರಡ ಸಲ ಒದಿಬೇಕಾಗತೈತಿ."

ಕಾಡಸಿದ್ದಪ್ಪ ಕೆಮ್ಮಿ ಕೇಳಿದ. "ಮತ್ತ, ಕುಡ್ಯೂದು?"

"ಎಣ್ಣಿ ಭಾಳ ಕುಡೀತೈತ್ರಿ."

ಆಫೀಸಿನ ಫೋನಿನಿಂದ ಈಗ ಕೇಳಬಹುದಿತ್ತಷ್ಟೇ, ಮಾತು ಹೋಗುತ್ತಿರಲಿಲ್ಲ. ಸಿದ್ರಾಮ ಅಂಗಳ ದಾಟಿ ಓಡಿ ಶೆಡ್ಡಿನ ಫೋನು ಕಸಿದುಕೊಂಡ.

"ಮಾವಾರ, ಅದು ನನ್ನ ಸುದ್ದಿ ಅಲ್ರಿ. ನಮ್ಮ ಮುಕಾದಮ ಬಸಗೊಂಡ ಮಾರೂ ಮಗ್ಗದ ಸುದ್ದಿ ಹೇಳ್ಯಾನ."

ಆ ಕಡೆ ಕಾಡಸಿದ್ದಪ್ಪ ಬಿದ್ದು ಬಿದ್ದು ನಕ್ಕ. "ಇರಲಿ ಬಿಡ್ರಿ. ನಾಕಕ್ಕ ಮತ್ತ ಮಾಡ್ತೇನಿ."

ಸಿದ್ರಾಮನಿಗೆ ಜೀವ ಬಂದಂತಾಯಿತು. ಮೂರೂ ಚೀಟಿ ಕಿತ್ತು ಹೊಸದಾಗಿ ಬರೆದು ಅಂಟಿಸಿದ. ಎರಡೆರಡು ಸಲ ಪರೀಕ್ಷಿಸಿದ. ನಾಲ್ಕಕ್ಕೆ ಸರಿಯಾಗಿ ಕರೆ ಬಂತು.

"ಗೌರವ್ವಾರಿಗೆ ಕೊಡ್ಲೇನ್ರಿ?"

"ಬ್ಯಾಡ್ರಿ. ಮನ್ಯಾಗ ಎಲ್ಲಾರೂ ಕುಂತ ಮಾತಾಡಿದ್ವಿ. ಮಾರೂ ಮಾಲಿನ ಐಬು ತಾನಾಗೇ ಹೇಳೂ ಮನಷ್ಯಾನ ನಾ ಈತನಕ ಕಂಡಿಲ್ಲ. ಆ ಬಸಗೊಂಡಂದು ಲಗ್ನ ಆಗೈತೇನ್ರಿ?"

"ಇಲ್ರಿ."

"ಹಂಗಾರ ಅವರಿಗೇ ಕೊಡ್ರಿ."

ಸಿದ್ರಾಮ ಶೆಡ್ಡಿನ ಗುಂಡಿ ಒತ್ತಿದ. ಈಗ ಚೀಟಿಗಳೆಲ್ಲ ಸರಿಯಾಗಿದ್ದವು.