ಬೇಡ ಎಂದವನ ಹಾರ್ಮೋನು

ನಮ್ಮ ಕಾಲದಲ್ಲಿ ಮನುಷ್ಯನ ಮೈಯಲ್ಲಿ ಇದ್ದದ್ದು ಪಿತ್ತ, ವಾಯು ಮತ್ತು ಸಿಟ್ಟು. ಹಾರ್ಮೋನು ಎಂಬುದು ಆಮೇಲೆ ಬಂತು. ತಂಗಿಯ ಮೊಮ್ಮಗಳು ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಾಳೆ. ಮೊನ್ನೆ ಶಿರಸಿಗೆ ಬಂದವಳು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ಹಚ್ಚಿಕೊಂಡವರು ದೂರವಾದರೆ ಒಂದು ಹಾರ್ಮೋನು ಏರುತ್ತದಂತೆ, ವಯಸ್ಸಾದವರಲ್ಲಿ ಅದು ಬೇಗ ಇಳಿಯುವುದೂ ಇಲ್ಲವಂತೆ. ಕೆಲವರು ಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ಸೆರಗು ಹಿಡಿದುಕೊಂಡೇ ತಿರುಗುತ್ತಾರೆ, ಇನ್ನು ಕೆಲವರು ಏನೂ ಬೇಡ ಎನ್ನುತ್ತಾ ಒಳಗೊಳಗೇ ಬೇಯುತ್ತಾರೆ. ನಾನು ಆ ಕೊನೆಯ ಪೈಕಿ ಎಂದು ಅವಳ ತೀರ್ಪು. ನಾನು ಒಪ್ಪಲಿಲ್ಲ. ಅವಳು ಬಸ್ಸು ಹತ್ತಿದ ಮೇಲೆ ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ನೆನಪಾಗಿ ಒಬ್ಬನೇ ನಕ್ಕೆ.

ಆಗಷ್ಟೇ ಸೊಸೈಟಿಯ ಗುಮಾಸ್ತಿಕೆಯಿಂದ ನಿವೃತ್ತನಾಗಿದ್ದೆ. ಉಮ್ಮಚಗಿಯಲ್ಲಿ ನನ್ನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು, ಹೆಂಡತಿ ಸಾವಿತ್ರಿ ಆರೈಕೆಗೆಂದು ತವರಿಗೆ ಹೋದಳು. ಇನ್ನು ಆರಾಮ ಎಂದುಕೊಂಡೆ. ಆರಾಮ ವಾರವೂ ಬಾಳಲಿಲ್ಲ. ನಿದ್ದೆ ಹಾರಿತು, ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳತೊಡಗಿತು, ಹಾಕಿದ ಚಿಲಕವನ್ನು ಮತ್ತೆ ಮತ್ತೆ ನೋಡಿ ಬರುವ ಚಟ ಹತ್ತಿತು. ಡಾಕ್ಟರು ಬಿಪಿ ನೋಡಿ ಯಾವುದಾದರೂ ಟೆನ್ಶನ್ ಇದೆಯೇ ಎಂದರು. ಪಿಂಚಣಿದಾರನಿಗೆ ಎಂಥ ಟೆನ್ಶನ್ ಎಂದು ಅವರನ್ನೇ ತಿರುಗಿ ಕೇಳಿದೆ. ನಿದ್ದೆಗೊಂದು ಮಾತ್ರೆ ಬರೆದುಕೊಟ್ಟರು.

ಸಾವಿತ್ರಿಯ ತವರಿನಲ್ಲಿ ಫೋನಿರಲಿಲ್ಲ. ಎಸ್‌ಟಿಡಿ ಬೂತಿನಿಂದ ಅವರ ಪಕ್ಕದ ಮನೆಗೆ ಮಾಡಬೇಕು, ಆ ಮನೆಯ ಅಜ್ಜಿ ಕೂಗಿ ಕರೆಯುತ್ತಾರೆ, ನಾವು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಬೇಕು. ಒಮ್ಮೆ ಜೀರಿಗೆ ಡಬ್ಬಿ ಎಲ್ಲಿ ಎಂದು ಕೇಳಿದೆ, ಇನ್ನೊಮ್ಮೆ ಹಾಲಿಗೆ ಹೆಪ್ಪು ಎಷ್ಟು ಹಾಕಬೇಕು ಎಂದು. ಅವಳು ಅಷ್ಟಕ್ಕೇ ಉತ್ತರ ಕೊಟ್ಟು ಇಡುತ್ತಿದ್ದಳು. ಬೇಸರವಾಗುತ್ತಿತ್ತು.

ಕಡೆಗೆ ನಾನೇ ಹೊರಟೆ. ಹೋದರೆ ಅತ್ತೆ ಕೋಲೂರಿಕೊಂಡು ಜಗಲಿಗೇ ಬಂದು ಮಾತಾಡಿಸಿದರು. ನನಗೆ ಸಂತೋಷವಾಯಿತು, ಅವರ ಕಾಲಿಗಿಂತ ಹೆಚ್ಚು ನನ್ನ ಪಾಲಿಗೆ. ಆಗ ಭಾವಮೈದ ನೇರವಾಗಿ ಕೇಳಿಬಿಟ್ಟ: "ಭಾವ, ಅಕ್ಕನ್ನ ಕರ್ಕಂಡು ಹೋಪಲೆ ಬಂದದ್ದ?"

ಇಲ್ಲಿ ನಮ್ಮ ಕಡೆಯ ಒಂದು ರೀತಿ ಹೇಳಬೇಕು. ಬಂದವರಿಗೆ ಕುಡಿಯಲು ಆಸರಿಗೆ ಬೇಕೇ ಎಂದು ಕೇಳಿದರೆ ಗಂಟಲು ಒಣಗಿ ಬಿರಿದಿದ್ದರೂ ಮೊದಲು ಬೇಡ ಎನ್ನಬೇಕು. ಮನೆಯವರು ಒತ್ತಾಯ ಮಾಡಬೇಕು. ಆಮೇಲೆ, ಹಾಗಾದರೆ ಅರ್ಧ ಲೋಟ ಎಂದು ತುಂಬಿದ ಲೋಟ ಕುಡಿಯಬೇಕು. ಹುಟ್ಟಿದಾಗಿನಿಂದ ಬಂದ ಈ ಅಭ್ಯಾಸದಲ್ಲೇ ನನ್ನ ಬಾಯಿ ಹೇಳಿತು, "ಛೆ ಛೆ, ಇಲ್ಲೆ. ನಿಧಾನಕ್ಕೆ ಬರ್ಲಿ, ಎಂಗೆಂತ ತೊಂದ್ರೆ ಇಲ್ಲೆ."

ಒತ್ತಾಯಕ್ಕೆ ಕಾದೆ. ಆಸರಿಗೆಗೆ ಒತ್ತಾಯಿಸುವವರು ಹೆಂಡತಿಯನ್ನು ಕರೆದುಕೊಂಡು ಹೋಗು ಎಂದು ಒತ್ತಾಯಿಸುವುದಿಲ್ಲ ಎಂಬುದು ಅಂದು ತಿಳಿಯಿತು. ಭಾವನ ಮನಸ್ಸು ದೊಡ್ಡದು ಎಂದು ಎಲ್ಲರೂ ಹೊಗಳಿದರು. ಹಾಗಾದರೆ ಮಳೆ ಹಿಡಿಯುವವರೆಗೂ ಇರುತ್ತೇನೆ ಎಂದು ಸಾವಿತ್ರಿ ಒಳಗೆ ಹೋದಳು. ನಾನು ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಒಬ್ಬನೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಳು ಬರುವ ಹಾಗಿತ್ತು, ಸುಳ್ಳೇಕೆ ಹೇಳಲಿ.

ಮಾರನೆಯ ದಿನ ಬೂತಿಗೆ ಹೋದೆ. ಅಜ್ಜಿಗೆ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದೆ. ಹಿಂದೆ ಸಾಲು ನಿಂತಿತ್ತು, ಧೈರ್ಯ ಕರಗುವ ಮೊದಲೇ ಹೇಳಿಬಿಡಬೇಕು ಎಂದು ಆ ಕಡೆ ಎತ್ತಿದ ಕೂಡಲೇ ಒಂದೇ ಉಸಿರಿಗೆ ಹೇಳಿದೆ: "ನೀನಿಲ್ದೆ ಎಂಗೆ ಆಗ್ತಾ ಇಲ್ಲೆ. ಬಂದ್ಬಿಡು."

ಆ ಕಡೆಯಿಂದ ಬಂದದ್ದು ಅಜ್ಜಿಯ ದನಿ, "ಅಡ್ಡಿಲ್ಲೆ, ಸಾವಿತ್ರಿ ಬಂದ ಕೂಡ್ಲೆ ಹೇಳ್ತೆ."

ಅಜ್ಜಿ ಸಾವಿತ್ರಿಗೊಬ್ಬಳಿಗೇ ಹೇಳಿ ಸುಮ್ಮನಾಗಲಿಲ್ಲ, ಕೇರಿಗೆಲ್ಲ ಸಾರಿದರು. ಸಂಜೆಯ ಬಸ್ಸಿಗೇ ಅವಳು ಬಂದಿಳಿದಳು. ಚೀಲ ಕೆಳಗಿಟ್ಟು, ಮುಖ ಗಂಭೀರ ಮಾಡಿಕೊಂಡು, "ಊರಿಗೆಲ್ಲ ಹೇಳಿ ಆತು. ಈಗ ಎನ್ನತ್ರ ಒಂದ್ಸಲ ಹೇಳಿ ನೋಡನ" ಎಂದಳು.

"ಬಚ್ಚಲಲ್ಲಿ ನೀರು ಕಾದಿದ್ದು, ಮೊದ್ಲು ಮಿಂದ್ಕ" ಎಂದೆ.

ಅವಳು ನಕ್ಕು ಒಳಗೆ ಹೋದಳು. ಆ ರಾತ್ರಿ ಯಾವ ಮಾತ್ರೆಯೂ ಇಲ್ಲದೆ ನಿದ್ದೆ ಬಂತು. ಬೂತಿನಲ್ಲಿ ಅಂದ ಆ ಮಾತನ್ನು ಅವಳೆದುರು ಇವತ್ತಿನವರೆಗೂ ಹೇಳಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಸಾವಿತ್ರಿ ನಾನು ಬರೆದದ್ದನ್ನು ಓದುವವಳಲ್ಲ, ಆ ಧೈರ್ಯದ ಮೇಲೆ.